ಸ್ಟೋರಿನ ಕೀಲಿಕೈ: ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ವಿದ್ಯಾರ್ಥಿ ಸಂಘ ನಡೆಸುವ ಬಗೆ

(ಧಾರವಾಡದಲ್ಲಿ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಬೋಧಕರು, ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ಕಡೆಯ ಐಟಿಐಗಳಲ್ಲಿ ವಿದ್ಯಾರ್ಥಿ ಸಂಘದ ಹೆಸರು ಸ್ವಾಗತ ಸಮಾರಂಭಕ್ಕೊಮ್ಮೆ, ಖಂಡೇಪೂಜೆಗೊಮ್ಮೆ (ದಸರೆಯ ಆಯುಧಪೂಜೆ), ಬೀಳ್ಕೊಡುಗೆಗೊಮ್ಮೆ ಬ್ಯಾನರಿನ ಮೇಲೆ ಬರುತ್ತದೆ. ಪೆಂಡಾಲು, ಮೈಕು, ಶಾಲು, ಹಾರ, ಬಂದವರಿಗೆ ಉಪ್ಪಿಟ್ಟು-ಶಿರಾ ಆಗುವಷ್ಟರಲ್ಲಿ ಹುಡುಗರಿಂದ ಎತ್ತಿದ ಪಟ್ಟಿ ಹಣ ಖರ್ಚಾಗಿರುತ್ತದೆ. ಆ ಹಣದಲ್ಲಿ ಒಂದು ಹ್ಯಾಕ್ಸಾ ಬ್ಲೇಡೂ ಬಂದಿರುವುದಿಲ್ಲ. ಸಮಾರಂಭ ಬೇಡ ಎಂದು ನಾವು ಹೇಳುತ್ತಿಲ್ಲ. ಆದರೆ ಕಸುಬು ಕಲಿಸುವ ಸಂಸ್ಥೆಯ ಸಂಘ ಕಸುಬಿನ ಸುತ್ತ ಇರಬೇಕು. ಅದರ ಸಾಮಾನು, ಲೆಕ್ಕ, ಠರಾವು ಈ ಮೂರೂ ಹುಡುಗರ ಕೈಯಲ್ಲಿರಬೇಕು. ಇವತ್ತು ನಮ್ಮ ಮಾತೆಲ್ಲ ಇದರ ಬಗ್ಗೆಯೇ.

ಯಾಕೆ ಅಂತೀರಾ? ಟ್ರೇಡ್ ಟೆಸ್ಟಿನಲ್ಲಿ ಜಾಬ್, ಅಂದರೆ ಮಾಡಿಕೊಟ್ಟ ತುಂಡು, ಅಳತೆಗೆ ಬಂತೋ ಇಲ್ಲವೋ ಎಂದು ನೋಡುತ್ತಾರೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶಕ್ಕೋ ಹುಬ್ಬಳ್ಳಿಯ ತಾರಿಹಾಳಕ್ಕೋ ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲಿ ಹುಡುಗನನ್ನು ಕೇಳುವುದು ಬೇರೆ. ಸ್ಟೋರಿಗೆ ಇಂಡೆಂಟ್ ಬರೆದುಕೊಡು, ಮಷಿನ್ ಯಾಕೆ ನಿಂತಿತೆಂದು ಶಿಫ್ಟ್ ಬುಕ್ಕಿನಲ್ಲಿ ಎರಡು ಸಾಲು ಬರಿ, ಮೀಟಿಂಗಿನಲ್ಲಿ ನಿನ್ನ ತಂಡದ ತೊಂದರೆ ಹೇಳು. ಎಂಪ್ಲಾಯಬಿಲಿಟಿ ಸ್ಕಿಲ್ಸ್ ಪಾಠದಲ್ಲಿ ಇದು ಓದಿಗೆ ಸಿಗುತ್ತದೆ. ಮಾಡಿ ಕಲಿಯಲು ಜಾಗ ಬೇಕು, ಆ ಜಾಗವೇ ಸಂಘ.

ಇದನ್ನು ವ್ಯವಸ್ಥಿತವಾಗಿ ಮಾಡಿ ನೋಡಿದ ದೇಶ ಅಮೆರಿಕ. ಅಲ್ಲಿ ಕೃಷಿ ಕಲಿಯುವ ಶಾಲಾ ಹುಡುಗರ ಎಫ್‌ಎಫ್‌ಎ ಸಂಘಟನೆ 1928ರಲ್ಲಿ ಕಾನ್ಸಸ್ ಸಿಟಿಯಲ್ಲಿ ಶುರುವಾಯಿತು. ಕೈಗಾರಿಕಾ ಕಸುಬಿನವರದು 1965ರಲ್ಲಿ ವೈಕಾ ಎಂಬ ಹೆಸರಿನಲ್ಲಿ ಹುಟ್ಟಿ, ಈಗ ಸ್ಕಿಲ್ಸ್‌ಯುಎಸ್‌ಎ ಆಗಿದೆ. ಅವರಿಂದ ತೆಗೆದುಕೊಳ್ಳಬೇಕಾದ ಮುಖ್ಯ ಸಂಗತಿ, ಸಂಘದ ಕೆಲಸ ಪಾಠದ ಒಳಗೇ ಸೇರಿರುತ್ತದೆ. ಗಂಟೆ ಹೊಡೆದ ಮೇಲೆ ಉಳಿದವರು ಮಾಡಿಕೊಳ್ಳುವ ಹವ್ಯಾಸವಾಗಿ ಅದನ್ನು ಬಿಟ್ಟಿಲ್ಲ. ಎಫ್‌ಎಫ್‌ಎಯಲ್ಲಿ ಸಭೆ ನಡೆಸುವ ಕ್ರಮಕ್ಕೇ ಒಂದು ಸ್ಪರ್ಧೆ ಇದೆ. ಠರಾವು ಮಂಡಿಸುವುದು, ತಿದ್ದುಪಡಿ ತರುವುದು, ಮತಕ್ಕೆ ಹಾಕುವುದು ಎಲ್ಲಕ್ಕೂ ಅಂಕ. ಅದೇ ಸಂಘಟನೆ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದದ್ದು ಮಾತ್ರ 1969ರಲ್ಲಿ, ಶುರುವಾಗಿ 41 ವರ್ಷಕ್ಕೆ. ಆ ತಪ್ಪು ನಾವು ಮಾಡುವುದು ಬೇಡ. ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗಿಯನ್ನು ಆರತಿಗೆ, ರಂಗೋಲಿಗೆ, ಸ್ವಾಗತಗೀತೆಗೆ ನಿಲ್ಲಿಸಿ ವೈರಿಂಗ್ ಪರೀಕ್ಷಿಸುವ ಮೆಗ್ಗರ್ ಸಾಧನವನ್ನು ಹುಡುಗರ ಕೈಗೆ ಕೊಟ್ಟರೆ ಆಕೆ ಸಂಘದಲ್ಲಿ ಇದ್ದೂ ಇಲ್ಲದಂತೆ.

ದೂರದ ಮಾತು ಸಾಕು. ಹತ್ತಿರದಲ್ಲೇ ಗದಗ ತಾಲ್ಲೂಕಿನ ಕಣಗಿನಹಾಳ ಇದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಊರು ಅದು. ಸದಸ್ಯರು ತಾವೇ ಹಣ ಹಾಕುವುದು, ತಾವೇ ಕೂತು ತೀರ್ಮಾನಿಸುವುದು, ಲೆಕ್ಕ ಎಲ್ಲರಿಗೂ ಕಾಣುವಂತೆ ಇಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಐಟಿಐ ಸಂಘಕ್ಕೂ ಬೇಕಾದದ್ದು ಇಷ್ಟೇ.

ಈಗ ರಚನೆಗೆ ಬರೋಣ. ಫಿಟ್ಟರ್ ಅಥವಾ ಎಲೆಕ್ಟ್ರಿಷಿಯನ್ ಯೂನಿಟ್ಟಿನಲ್ಲಿ, ಅಂದರೆ ಒಂದು ತಂಡದಲ್ಲಿ, 20 ಜನ, ಎರಡು ವರ್ಷದ ಕೋರ್ಸು. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ, ಸ್ಟೋರ್ ಕೀಪರ್, ಸುರಕ್ಷತೆ ನೋಡುವವರು ಎಂದು ಐದು ಹುದ್ದೆ ಇಡಿ, ಒಂದೊಂದಕ್ಕೆ ಆರು ತಿಂಗಳ ಅವಧಿ. ಎರಡು ವರ್ಷದಲ್ಲಿ ನಾಲ್ಕು ಸುತ್ತು, ಸುತ್ತಿಗೆ ಐವರು, ಒಟ್ಟು 20. ಯೂನಿಟ್ಟಿನ ಪ್ರತಿಯೊಬ್ಬರಿಗೂ ಒಂದು ಹುದ್ದೆ ಸಿಗುತ್ತದೆ, ಯಾರಿಗೂ ಎರಡು ಸಿಗುವುದಿಲ್ಲ. ಇದರಿಂದ ಚುನಾವಣೆಯ ಗದ್ದಲವೂ ಇಲ್ಲ, ಮಾತಿನಲ್ಲಿ ಚುರುಕಾದ ಇಬ್ಬರೇ ಎರಡು ವರ್ಷ ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವುದೂ ತಪ್ಪುತ್ತದೆ. ಮಾತೇ ಆಡದ ಹುಡುಗ ಕಾರ್ಯದರ್ಶಿಯಾದರೆ ಮೊದಲ ಎರಡು ಸಭೆ ತಡವರಿಸುತ್ತಾನೆ. ತಡವರಿಸಲಿ ಬಿಡಿ. ಜೆಟಿಓ (ಕಸುಬು ಕಲಿಸುವ ಬೋಧಕರು) ಪಕ್ಕದಲ್ಲಿ ಕೂತಿರಬೇಕು, ಅವನ ಕೈಯಿಂದ ಪೆನ್ನು ಕಸಿದುಕೊಳ್ಳಬಾರದು.

ಸಂಘ ನೋಂದಣಿ ಆಗಬೇಕೇ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಾಯಿಸಲು ಕನಿಷ್ಠ ಏಳು ಮಂದಿ ಬೇಕು. ಆದರೆ ಸಂಸ್ಥೆಯೊಳಗಿನ ಟ್ರೇಡ್ ಸಂಘಕ್ಕೆ ಅದರ ಅಗತ್ಯವಿಲ್ಲ, ಪ್ರಾಚಾರ್ಯರ ಲಿಖಿತ ಆದೇಶ ಸಾಕು. ಆ ಆದೇಶದಲ್ಲಿ ಸಂಘದ ಉದ್ದೇಶ, ವಂತಿಗೆ ಎಷ್ಟು, ಖಾತೆ ಯಾರ ಸಹಿಯಲ್ಲಿ, ವಾರದ ಯಾವ ಗಂಟೆ ಎಂಬ ನಾಲ್ಕು ಸಂಗತಿ ಇರಲೇಬೇಕು. ಆದೇಶ ಇಲ್ಲದೆ ಒಂದು ರೂಪಾಯಿಯನ್ನೂ ಎತ್ತಬೇಡಿ. ಐಟಿಐ ಸೇರುವವರಲ್ಲಿ ಬಹಳ ಮಂದಿ 18 ತುಂಬದವರು. ಆದ್ದರಿಂದ ಬ್ಯಾಂಕ್ ಖಾತೆಗೆ ಪ್ರಾಚಾರ್ಯರದೂ ಒಬ್ಬ ಜೆಟಿಓ ಅವರದೂ ಜಂಟಿ ಸಹಿ ಇರಲಿ, ಕ್ಯಾಶ್ ಬುಕ್ ಬರೆಯುವುದು ಮಾತ್ರ ಖಜಾಂಚಿ ಹುಡುಗ ಅಥವಾ ಹುಡುಗಿ. ತಿಂಗಳಿಗೆ 20 ರೂಪಾಯಿಯಂತೆ 20 ಜನರಿಂದ 400 ರೂಪಾಯಿ, ಹತ್ತು ತಿಂಗಳಿಗೆ 4,000. ಇದರಲ್ಲಿ ಅರ್ಧ ಕಡ್ಡಾಯವಾಗಿ ಕೆಲಸದ ಸಾಮಾನಿಗೆ ಎಂದು ಮೊದಲ ಸಭೆಯಲ್ಲೇ ಠರಾವು ಮಾಡಿಕೊಳ್ಳಿ. ಕೈಯಲ್ಲಿ 500ಕ್ಕಿಂತ ಹೆಚ್ಚು ನಗದು ಇಟ್ಟುಕೊಳ್ಳುವುದು ಬೇಡ. 1,000 ದಾಟುವ ಖರೀದಿಗೆ ಎರಡು ಅಂಗಡಿಯ ಕೊಟೇಶನ್ ತರಿಸಿ. ಹುಬ್ಬಳ್ಳಿಯ ಗೋಕುಲ ರೋಡಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ದರ ಕೇಳಿ ಬರೆದುಕೊಂಡು ಬರುವುದೂ ಪಾಠವೇ.

ಸಭೆ ತಿಂಗಳಿಗೆ ಒಂದು, 45 ನಿಮಿಷ, ಟೈಮ್‌ಟೇಬಲ್ಲಿನ ಒಳಗೆ. ನಡಾವಳಿ ಹೀಗಿರಬೇಕು (ಟೋಕನ್ ಎಂದರೆ ಆ ಸದಸ್ಯರ ನಂಬರ್): "ಠರಾವು 3. ಹತ್ತು ಮಿ.ಮೀ. ಡ್ರಿಲ್ ಬಿಟ್ ಎರಡು ಕೊಳ್ಳುವುದು. ಸೂಚಿಸಿದವರು ಟೋಕನ್ 7, ಅನುಮೋದಿಸಿದವರು ಟೋಕನ್ 12. ಪರ 14, ವಿರುದ್ಧ 3. ಕೊಳ್ಳುವ ಹೊಣೆ ಖಜಾಂಚಿಯದು, ಮುಂದಿನ ಶನಿವಾರದೊಳಗೆ." ಎಲ್ಲರೂ ಬಿಟ್ಟುಬಿಡುವುದು ಈ ಕೊನೆಯ ವಾಕ್ಯವನ್ನು. "ಡ್ರಿಲ್ ಬಿಟ್ ಕೊಳ್ಳಲು ತೀರ್ಮಾನಿಸಲಾಯಿತು" ಎಂದು ಬರೆದರೆ ಯಾರೂ ಕೊಳ್ಳುವುದಿಲ್ಲ. ಯಾರು, ಯಾವಾಗ ಎಂಬುದಿದ್ದರೆ ಮುಂದಿನ ಸಭೆಯಲ್ಲಿ ಕೇಳಬಹುದು.

ಐದು ಹುದ್ದೆಗಳಲ್ಲಿ ದೊಡ್ಡದು ಸ್ಟೋರ್ ಕೀಪರ್‌ದು. ಬಹುತೇಕ ಕಡೆ ಉಪಕರಣದ ಕಪಾಟಿನ ಕೀಲಿಕೈ ಜೆಟಿಓ ಅವರ ಜೇಬಿನಲ್ಲಿರುತ್ತದೆ. ಅದಕ್ಕೆ ಕಾರಣವೂ ಇದೆ, ಏನಾದರೂ ಕಳೆದರೆ ಉತ್ತರ ಕೊಡಬೇಕಾದವರು ಅವರೇ. ಬೆಲೆಬಾಳುವ ಮೈಕ್ರೋಮೀಟರ್, ಹೈಟ್ ಗೇಜ್ ಅವರ ಬಳಿಯೇ ಇರಲಿ. ಫೈಲು, ಹ್ಯಾಕ್ಸಾ, ಟ್ರೈ ಸ್ಕ್ವೇರ್, ಪಂಚ್, ವರ್ನಿಯರ್ (ದವಡೆಯಲ್ಲಿ ಹಿಡಿದು ಅಳೆಯುವ ಸಾಧನ) ಇರುವ ಕಪಾಟನ್ನು ಹುಡುಗರಿಗೆ ಬಿಡಿ. ಪ್ರತಿಯೊಬ್ಬರಿಗೂ ಅವರ ನಂಬರ್ ಹೊಡೆದ ಐದು ಹಿತ್ತಾಳೆ ಅಥವಾ ತಗಡಿನ ಟೋಕನ್. ಬೋರ್ಡಿನ ಮೇಲೆ ಪ್ರತಿ ಉಪಕರಣದ ಆಕಾರವನ್ನು ಪೇಂಟಿನಲ್ಲಿ ಬರೆದಿರಬೇಕು. ಉಪಕರಣ ಒಯ್ದವರು ಅದರ ಜಾಗದಲ್ಲಿ ತಮ್ಮ ಟೋಕನ್ ತೂಗುಹಾಕಬೇಕು. ಸಂಜೆ ಬೋರ್ಡಿನ ಮೇಲೆ ಖಾಲಿ ಆಕಾರವಿದ್ದು ಟೋಕನ್ ಇಲ್ಲವಾದರೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಈ ಪದ್ಧತಿ ಕೆಡುವುದು ದಿನದ ಕೊನೆಯ ಹತ್ತು ನಿಮಿಷದಲ್ಲಿ. ಬೆಲ್ ಹೊಡೆಯುತ್ತದೆ, ಬಸ್ಸಿಗೆ ಹೋಗುವ ಅವಸರದಲ್ಲಿ 20 ಜನ ಒಮ್ಮೆಲೇ ಕಿಟಕಿಗೆ ನುಗ್ಗುತ್ತಾರೆ, ಸ್ಟೋರ್ ಕೀಪರ್ ನೋಡದೆ ಟೋಕನ್ ಬಿಚ್ಚಿಕೊಡುತ್ತಾನೆ. ಮರುದಿನ ವರ್ನಿಯರಿನ ದವಡೆ ಬಾಗಿದ್ದು ಕಂಡರೆ ಯಾರದೆಂದು ಹೇಳುವವರಿಲ್ಲ. ಆದ್ದರಿಂದ ವಾಪಸಾತಿ ಬೆಲ್ಲಿಗೆ 20 ನಿಮಿಷ ಮೊದಲೇ ಶುರುವಾಗಬೇಕು, ಕಿಟಕಿಯಲ್ಲಿ ಇಬ್ಬರಿರಬೇಕು. ಒಬ್ಬರು ತಗೊಳ್ಳುವುದು, ಇನ್ನೊಬ್ಬರು ನೋಡುವುದು. ವರ್ನಿಯರ್ ಬಂದರೆ ದವಡೆ ಒರೆಸಿ, ಮುಚ್ಚಿ, ಬೆಳಕಿಗೆ ಹಿಡಿಯಬೇಕು. ನಡುವೆ ಬೆಳಕು ಕಾಣಬಾರದು, ಎರಡು ಸ್ಕೇಲಿನ ಸೊನ್ನೆಗಳು ಕೂಡಬೇಕು. ಹತ್ತು ಸೆಕೆಂಡಿನ ಕೆಲಸ. ಲೀಸ್ಟ್ ಕೌಂಟ್ (ಅಳೆಯಬಲ್ಲ ಅತಿ ಸಣ್ಣ ಅಳತೆ) 0.02 ಮಿ.ಮೀ. ಇರುವ ಸಾಧನದಲ್ಲಿ ಸೊನ್ನೆಯೇ 0.1 ತಪ್ಪಿದ್ದರೆ ಅದರಿಂದ ಅಳೆದ ಪ್ರತಿ ಜಾಬೂ ಸುಳ್ಳು.

ಕಳೆದುಹೋದ ಸಾಮಾನಿನ ಬೆಲೆಯನ್ನು ಎಲ್ಲರಿಗೂ ಹಂಚುವ ರೂಢಿ ನಮಗೆ ಸರಿ ಕಾಣುವುದಿಲ್ಲ. ಅದರಿಂದ ಹುಡುಗರು ಕಲಿಯುವುದು ಬಾಯಿ ಮುಚ್ಚಿಕೊಂಡಿರುವುದನ್ನು. ಅದರ ಬದಲು, ಅದೇ ದಿನ ಬಂದು "ಸರ್, ನನ್ನ ಕೈಯಾಗ ಟ್ಯಾಪ್ ಮುರಿತ್ರಿ" ಎಂದವರಿಗೆ ದಂಡವಿಲ್ಲ, ರಿಜಿಸ್ಟರಿನಲ್ಲಿ ಹೇಗೆ ಮುರಿಯಿತು ಎಂದು ಬರೆದರೆ ಸಾಕು ಎಂಬ ನಿಯಮ ಇಡಿ. ವರ್ಷದ ಕೊನೆಗೆ ಆ ಪುಟಗಳನ್ನು ಓದಿದರೆ, ತೂತಿನೊಳಗೆ ತಿರುಪಿನ ಗೆರೆ ಕೊರೆಯುವ ಈ ಟ್ಯಾಪ್‌ಗಳು ಯಾಕೆ ಮುರಿಯುತ್ತಿವೆ ಎಂದು ತಿಳಿಯುತ್ತದೆ. ಬಹಳ ಸಲ ಕಾರಣ ಡ್ರಿಲ್ ಸೈಜೇ ಆಗಿರುತ್ತದೆ. ಎಂ10 ಟ್ಯಾಪಿಗೆ 8.5 ಮಿ.ಮೀ. ತೂತು ಬೇಕಾದಲ್ಲಿ, ಸ್ಟೋರಿನಲ್ಲಿ ಅದು ಇಲ್ಲವೆಂದು 8ರದ್ದೇ ಹಾಕಿರುತ್ತಾರೆ.

ಖಂಡೇಪೂಜೆಯ ಹಿಂದಿನ ದಿನವನ್ನು ವಾರ್ಷಿಕ ಸ್ಟಾಕ್ ಎಣಿಕೆಗೆ ಇಟ್ಟುಕೊಳ್ಳಿ. ಹೇಗಿದ್ದರೂ ಎಲ್ಲ ಸಾಮಾನನ್ನೂ ಹೊರಗೆ ತೆಗೆದು ತೊಳೆದು ಒರೆಸುತ್ತೇವೆ. ಪೂಜೆಯ ದಿನ ವಿಭೂತಿ, ಕುಂಕುಮವನ್ನು ಉಪಕರಣದ ಡಬ್ಬಿಗೋ ಹಿಡಿಕೆಗೋ ಹಚ್ಚಿ. ಸರ್ಫೇಸ್ ಪ್ಲೇಟಿನ ಮೇಲೆ, ವಿ-ಬ್ಲಾಕಿನ ಒಳಮೈಗೆ ನೀರಲ್ಲಿ ಕಲಸಿದ ಕುಂಕುಮ ಹಚ್ಚಿ ದಸರೆ ರಜೆಗೆ ಹೋದರೆ ತಿರುಗಿ ಬರುವಷ್ಟರಲ್ಲಿ ಅಲ್ಲಿ ತುಕ್ಕಿನ ಕಲೆ ಎದ್ದಿರುತ್ತದೆ. ಸಂಜೆಯೇ ಒರೆಸಿ, ತೆಳುವಾಗಿ ಎಣ್ಣೆ ಸವರಿ ಮುಚ್ಚಿಡಬೇಕು.

ಇನ್ನು ಸ್ಪರ್ಧೆ. ಫಿಟ್ಟರ್ ಟ್ರೇಡಿನ ಒಂದು ಜಾಬನ್ನೇ ತೆಗೆದುಕೊಳ್ಳೋಣ, ಮೇಲ್-ಫೀಮೇಲ್ ಚೌಕ ಫಿಟ್ಟಿಂಗ್. 50×10 ಎಂಎಸ್ (ಮೆದು ಉಕ್ಕು) ಫ್ಲಾಟಿನಿಂದ 50 ಮಿ.ಮೀ. ಉದ್ದದ ಎರಡು ತುಂಡು, ಫೈಲ್ ಮಾಡಿ ಮುಗಿದಾಗ 48×48. ಒಂದರಲ್ಲಿ 20 ಅಗಲ, 20 ಆಳದ ಗಾಡಿ (ಚೌಕ ತೋಡು), ಇನ್ನೊಂದರಲ್ಲಿ ಅದಕ್ಕೆ ಕೂಡುವ ನಾಲಗೆ. 20 ಸ್ಪರ್ಧಿಗಳಿಗೆ 40 ತುಂಡು, ಗರಗಸದ ಕಡಿತಕ್ಕೆ ತುಂಡಿಗೆ 2 ಮಿ.ಮೀ. ಸೇರಿಸಿದರೆ 2,080 ಮಿ.ಮೀ. ಹಾಳಾಗುವುದಕ್ಕೆಂದು ಶೇ. 10 ಹೆಚ್ಚಿಗೆ ಹಿಡಿದು 2.3 ಮೀಟರ್ ತನ್ನಿ. ಈ ಫ್ಲಾಟು ಮೀಟರಿಗೆ 3.9 ಕೆ.ಜಿ. ತೂಗುತ್ತದೆ, ಅಂದರೆ ಒಟ್ಟು 9 ಕೆ.ಜಿ. ಲೆಕ್ಕ ಹಾಕುವುದು ಸಂಘದ ಹುಡುಗರೇ.

ಜಾಬಿನ ಕ್ರಮ ಎಲ್ಲ ಫಿಟ್ಟರ್‌ಗಳಿಗೂ ಗೊತ್ತಿದ್ದದ್ದೇ, ತಪ್ಪುವ ಜಾಗ ಮಾತ್ರ ಹೇಳುತ್ತೇವೆ. ಮೊದಲು ನಾಲಗೆ ಮುಗಿಸಬೇಕು, ಆಮೇಲೆ ಗಾಡಿ. ನಾಲಗೆಯನ್ನು ಹೊರಗಿನಿಂದ ಮೈಕ್ರೋಮೀಟರಿನಲ್ಲಿ ಹಿಡಿದು ನೂರರ ಒಂದು ಭಾಗದವರೆಗೆ ಅಳೆಯಬಹುದು, ಗಾಡಿಯನ್ನು ಹಾಗೆ ಅಳೆಯಲಾಗದು. ಗಾಡಿ ಮೊದಲು ಮಾಡಿ ಅದು ದೊಡ್ಡದಾಯಿತೋ, ಎರಡೂ ತುಂಡು ಹೋದವು. ಎರಡನೆಯದು, ಒಳಮೂಲೆಗಳಲ್ಲಿ 3 ಮಿ.ಮೀ. ರಿಲೀಫ್ ತೂತು ಹಾಕದೆ ಇರುವುದು. ಫೈಲಿನ ಅಂಚು ಮೂಲೆಯವರೆಗೆ ಹೋಗುವುದಿಲ್ಲ, ಅಲ್ಲಿ ಉಳಿದ ಸಣ್ಣ ಗಂಟು ನಾಲಗೆಯನ್ನು ಕೂರಲು ಬಿಡುವುದಿಲ್ಲ. ಹುಡುಗ ಅಗಲ ಬಿಗಿಯಾಗಿದೆ ಎಂದುಕೊಂಡು ಪಕ್ಕದ ಮೈಯನ್ನು ಉಜ್ಜುತ್ತಾ ಹೋಗುತ್ತಾನೆ, ಕೊನೆಗೆ ಸಡಿಲವಾಗುತ್ತದೆ. ಮೂರನೆಯದು ಬರ್, ಅಂದರೆ ಕಡಿದ ಅಂಚಿನಲ್ಲಿ ಎದ್ದ ಚೂಪು ಸಿಪ್ಪೆ. ಅಂಚಿನ ಬರ್ ತೆಗೆಯದೆ ಅಳೆದರೆ ಜಾಬು ದೊಡ್ಡದಾಗಿ ತೋರುತ್ತದೆ. ಡ್ರಿಲ್ ಮಾಡಿದ ಬಿಸಿಯಲ್ಲೇ ಅಳೆದರೂ ಹಾಗೆಯೇ. 48 ಮಿ.ಮೀ. ಉಕ್ಕು 20 ಡಿಗ್ರಿ ಬಿಸಿಯಾದರೆ 0.01 ಮಿ.ಮೀ. ಹಿಗ್ಗಿರುತ್ತದೆ.

ಅಂಕ ಕೊಡುವುದರಲ್ಲಿ ನಮ್ಮ ಸ್ಪರ್ಧೆಗಳು ಸೋಲುತ್ತವೆ. "ಚಲೋ ಮಾಡ್ಯಾನ" ಎಂದು 100ಕ್ಕೆ 82 ಹಾಕುವುದು ಅಂದಾಜು, ಅಳತೆಯಲ್ಲ. ವರ್ಲ್ಡ್‌ಸ್ಕಿಲ್ಸ್ ಎಂಬ ಅಂತಾರಾಷ್ಟ್ರೀಯ ಕಸುಬು ಸ್ಪರ್ಧೆಯ ಪದ್ಧತಿ ನೋಡಿ. ಅಲ್ಲಿ ಅಳೆಯಬಹುದಾದದ್ದಕ್ಕೂ ಕಣ್ಣಿಂದ ತೀರ್ಮಾನಿಸುವುದಕ್ಕೂ ಬೇರೆ ಬೇರೆ ಅಂಕ. ಕಣ್ಣಿನ ತೀರ್ಮಾನಕ್ಕೆ 0ಯಿಂದ 3. ಸೊನ್ನೆ ಎಂದರೆ ಕಾರ್ಖಾನೆಯ ಮಟ್ಟಕ್ಕಿಂತ ಕೆಳಗೆ, 1 ಎಂದರೆ ಆ ಮಟ್ಟಕ್ಕೆ ಸರಿ, 2 ಎಂದರೆ ಕೆಲವು ಸಂಗತಿಯಲ್ಲಿ ಅದಕ್ಕಿಂತ ಮೇಲೆ, 3 ಎಂದರೆ ಪೂರ್ತಿ ಮೇಲೆ. ಮೂವರು ತೀರ್ಪುಗಾರರು, ಅವರ ಅಂಕಗಳಲ್ಲಿ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಮಾತಾಡಿ ಸರಿಪಡಿಸಿಕೊಳ್ಳಬೇಕು. ಇದನ್ನು ನಮ್ಮ ಸಂಸ್ಥೆಯೊಳಗೇ ಮಾಡಬಹುದು. ಅಳತೆಗೆ 70 ಅಂಕ ಇಡಿ. ಪ್ರತಿ ಅಳತೆಗೂ ±0.04 ಒಳಗಿದ್ದರೆ ಪೂರ್ತಿ, ಹೊರಗಿದ್ದರೆ ಸೊನ್ನೆ, ನಡುವೆ ದಯೆ ಬೇಡ. ಕೂಡಿಸಿದ ಮೇಲೆ 0.05ರ ಫೀಲರ್ ಗೇಜ್ (ಸಂದಿ ನೋಡುವ ತೆಳು ಪಟ್ಟಿ) ಯಾವ ಸಂದಿಯಲ್ಲೂ ಹೋಗಬಾರದು. ನಾಲಗೆಯನ್ನು ಮಗುಚಿ ಹಾಕಿ ಮತ್ತೊಮ್ಮೆ ನೋಡಬೇಕು. ಮೈಯ ನಯಕ್ಕೆ 20, ಸುರಕ್ಷತೆಗೆ 10. ಒಂದೊಂದು ಅಳತೆಯನ್ನು ಎಲ್ಲ ಜಾಬಿನಲ್ಲೂ ಒಂದೇ ಮೈಕ್ರೋಮೀಟರಿನಲ್ಲಿ ಅಳೆದು, ಐದೈದು ಜಾಬಿಗೊಮ್ಮೆ ಅದರ ಸೊನ್ನೆ ನೋಡಿಕೊಳ್ಳಿ. ತುಂಡಿನ ಮೇಲೆ ಹೆಸರು ಬೇಡ, ಗುಪ್ತ ನಂಬರ್ ಪಂಚ್ ಮಾಡಿ. ತೀರ್ಪಿಗೆ ಬೇರೆ ಸಂಸ್ಥೆಯ ಜೆಟಿಓ ಅವರನ್ನು ಕರೆಸಿ.

ಮುಗಿದ ಮೇಲೆ ಅಳತೆಯ ಹಾಳೆ ಪ್ರತಿ ಸ್ಪರ್ಧಿಯ ಕೈಗೆ ಹೋಗಬೇಕು. ಮೂವರಿಗೆ ಕಪ್ ಕೊಟ್ಟು 17 ಜನರನ್ನು ಏನೂ ತಿಳಿಸದೆ ಮನೆಗೆ ಕಳಿಸಿದರೆ ಆ 9 ಕೆ.ಜಿ. ಕಬ್ಬಿಣ ದಂಡ. ತನ್ನ ಜಾಬಿನಲ್ಲಿ ಯಾವ ಮೈ 0.12 ಹೋಗಿದೆ ಎಂದು ನೋಡಿದ ಹುಡುಗ ಮುಂದಿನ ಸಲ ಅದೇ ಮೈಯ ಬಳಿ ನಿಧಾನಿಸುತ್ತಾನೆ. ವರ್ಲ್ಡ್‌ಸ್ಕಿಲ್ಸ್‌ನಲ್ಲಿ ಬಹುತೇಕ ಕಸುಬುಗಳಿಗೆ ವಯಸ್ಸಿನ ಮಿತಿ 22. ದೇಶದ ಮಟ್ಟದ ಇಂಡಿಯಾಸ್ಕಿಲ್ಸ್ ಮೂಲಕ ಅಲ್ಲಿಗೆ ಹೋಗಬೇಕಾದವರು ಐಟಿಐಯ ಮೊದಲ ವರ್ಷದಲ್ಲೇ ಇಂಥ ಹಾಳೆ ನೋಡಿರಬೇಕು.

ಸೇವೆಯ ಕೆಲಸವೂ ಕಸುಬಿನದೇ ಇರಲಿ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಸೇವೆ ಎಂದಿದೆ. ಅದು ಇರುವ ಕಡೆ ಕಸ ಗುಡಿಸುವುದರ ಜೊತೆಗೆ ಕೈಕಸುಬೂ ಸೇರಲಿ. ಎಲೆಕ್ಟ್ರಿಷಿಯನ್‌ಗಳಿಗೆ ಮಾತ್ರ ಒಂದು ಎಚ್ಚರಿಕೆ. ಶಾಲೆ, ಹಾಸ್ಟೆಲ್‌ಗಳ ವೈರಿಂಗ್ ಪರೀಕ್ಷಿಸಿ ವರದಿ ಕೊಡಿ, ಲೈಸೆನ್ಸ್ ಇದ್ದವರ ಉಸ್ತುವಾರಿ ಇಲ್ಲದೆ ವೈರಿಂಗ್ ಬದಲಿಸಲು ಹೋಗಬೇಡಿ.

ಹಾವೇರಿ ಕಡೆಯ ಸಂಸ್ಥೆಗಳಿಗೆ ಹೇಳಿಮಾಡಿಸಿದ್ದು ಎಣ್ಣೆ (ಕೀಟನಾಶಕ) ಹೊಡೆಯುವ ಪಂಪುಗಳ ರಿಪೇರಿ ಶಿಬಿರ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ರೈತರ ಮನೆಯಲ್ಲಿ 16 ಲೀಟರಿನ ಬ್ಯಾಟರಿ ಪಂಪು ಸಾಮಾನ್ಯ. ಸುಗ್ಗಿ ಮುಗಿದ ಮೇಲೆ ಅದು ಐದಾರು ತಿಂಗಳು ಅಟ್ಟದ ಮೇಲೆ ಚಾರ್ಜ್ ಇಲ್ಲದೆ ಬಿದ್ದಿರುತ್ತದೆ, 12 ವೋಲ್ಟಿನ ಲೆಡ್-ಆ್ಯಸಿಡ್ ಬ್ಯಾಟರಿಯ ಪ್ಲೇಟು ಗಟ್ಟಿಯಾಗುತ್ತದೆ. ಶಿಬಿರ ಜೂನ್‌ನಲ್ಲಿ, ಸಿಂಪಡಣೆ ಶುರುವಾಗುವ ಮೊದಲು ಆಗಬೇಕು. ಆಗಸ್ಟ್‌ನಲ್ಲಿ ಮಾಡಿದರೆ ರೈತ ಪಂಪು ಬಿಟ್ಟುಹೋಗಲಾರ.

ಎಂಟು ಹುಡುಗರು, ದಿನಕ್ಕೆ 15 ಪಂಪು, ಅದಕ್ಕಿಂತ ಹೆಚ್ಚು ಒಪ್ಪಿಕೊಳ್ಳಬೇಡಿ. ಮೊದಲ ಮೇಜಿನಲ್ಲಿ ಹೆಸರು, ದೂರು. "ಪಂಪ್ ಚಾಲೂ ಆಗವಲ್ದು" ಅಂದರೆ ಹಾಗೆಯೇ ಬರೆದುಕೊಳ್ಳಿ. ಎರಡನೆಯದು ತೊಳೆಯುವ ಜಾಗ. ಇದು ಬೇಸರದ ಕೆಲಸವೆಂದು ಬಿಟ್ಟುಬಿಡುತ್ತಾರೆ, ಅದೇ ಅಪಾಯ. ಟ್ಯಾಂಕಿನಲ್ಲಿ, ಪೈಪಿನಲ್ಲಿ ವಿಷ ಉಳಿದಿರುತ್ತದೆ. ನೈಟ್ರೈಲ್ ಗ್ಲೌಸ್, ಮಾಸ್ಕ್ ಹಾಕಿ ಸಾಬೂನು ನೀರಿನಲ್ಲಿ ಮೂರು ಸಲ ತೊಳೆಯುವವರೆಗೆ ಯಾರೂ ಬರಿಗೈಯಲ್ಲಿ ಬಿಚ್ಚಬಾರದು. ಆ ನೀರು ಹಳ್ಳಕ್ಕಾಗಲಿ ಬಾವಿಯ ಕಡೆಗಾಗಲಿ ಹರಿಯಬಾರದು. ಮೂರನೆಯ ಮೇಜಿನಲ್ಲಿ ಜಾಳಿಗೆ, ವಾಷರ್, ನಾಜಲ್. ನಾಜಲ್ಲಿಗೆ ಬಾಯಿಂದ ಊದುವಂತಿಲ್ಲ, ತಂತಿ ಚುಚ್ಚುವಂತಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ನಾಲ್ಕನೆಯದರಲ್ಲಿ ಬ್ಯಾಟರಿ. ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟು ಅಳೆದಾಗ 12.6 ವೋಲ್ಟಿನ ಆಸುಪಾಸು ಇರಬೇಕು. ಪಂಪು ಓಡಿಸಿದ ಕೂಡಲೇ 10.8ರ ಕೆಳಗೆ ಕುಸಿದರೆ ಬ್ಯಾಟರಿ ಮುಗಿದಿದೆ. ಬರೀ ಮೀಟರ್ ಹಚ್ಚಿ 12.5 ತೋರಿತೆಂದು ಪಾಸು ಮಾಡುವುದು ಸಾಮಾನ್ಯ ತಪ್ಪು, ಲೋಡ್ ಹಾಕಿ ನೋಡಲೇಬೇಕು. ಕೊನೆಗೆ ಶುದ್ಧ ನೀರು ತುಂಬಿ, ನಾಜಲ್ಲಿನಿಂದ ಒಂದು ನಿಮಿಷ ಬಂದ ನೀರನ್ನು ಅಳತೆ ಜಾರಿನಲ್ಲಿ ಹಿಡಿದು ಹೊಸ ನಾಜಲ್ಲಿನ ಜೊತೆ ಹೋಲಿಸಿ. ಶೇ. 10ಕ್ಕಿಂತ ಹೆಚ್ಚು ಬಂದರೆ ನಾಜಲ್ ಸವೆದಿದೆ, ಬದಲಿಸಿ. ಕೂಲಿ ತಗೊಳ್ಳಬೇಡಿ, ಬಿಡಿಭಾಗಕ್ಕೆ ಅಂಗಡಿಯ ದರವನ್ನೇ ತಗೊಂಡು ರಸೀದಿ ಕೊಡಿ. ಬಿಡಿಭಾಗವನ್ನೂ ಪುಕ್ಕಟೆ ಕೊಟ್ಟ ಸಂಘಕ್ಕೆ ಎರಡನೆಯ ಶಿಬಿರಕ್ಕೆ ಹಣ ಉಳಿಯುವುದಿಲ್ಲ.

ಕಾರ್ಖಾನೆ ಭೇಟಿಯ ಬಗ್ಗೆ ಎರಡೇ ಮಾತು. ಹೋಗುವ ಮೊದಲು ಪ್ರತಿಯೊಬ್ಬರಿಗೂ ಒಂದೊಂದು ಪ್ರಶ್ನೆ ಹಂಚಿರಬೇಕು, ಬಂದ ವಾರದಲ್ಲಿ ಅರ್ಧ ಪುಟ ಬರೆಯಿಸಬೇಕು. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು, ಬೆಂಗೇರಿಯ ರಾಷ್ಟ್ರಧ್ವಜ ತಯಾರಿಕಾ ಘಟಕ ನಮ್ಮ ಊರಲ್ಲೇ ಇವೆ. ಹೊಲಿಗೆ ಟ್ರೇಡಿನವರು ಬೆಂಗೇರಿಗೆ ಹೋದರೆ ಧ್ವಜಕ್ಕೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಐಎಸ್ 1 ಮಾನದಂಡ ಇದೆ, ಉದ್ದ-ಅಗಲ 3:2 ಇರಲೇಬೇಕು, ಅಳತೆ ತಪ್ಪಿದ ಧ್ವಜ ತಪಾಸಣೆ ದಾಟುವುದಿಲ್ಲ ಎಂಬುದನ್ನು ಕಣ್ಣಾರೆ ನೋಡಬಹುದು.

ಕೊನೆಯದು ಹಸ್ತಾಂತರ. ಬಹಳಷ್ಟು ಸಂಘಗಳು ಪ್ರತಿ ವರ್ಷ ಸೊನ್ನೆಯಿಂದ ಶುರುವಾಗುವುದು ಇದಿಲ್ಲದ್ದರಿಂದ. ಪರೀಕ್ಷೆ ಮುಗಿದು ಹಳಬರು ಹೋಗುತ್ತಾರೆ, ಹೊಸಬರು ಬರುವಷ್ಟರಲ್ಲಿ ಎರಡು ತಿಂಗಳು ಕಳೆದಿರುತ್ತದೆ. ವೆಲ್ಡರ್, ಕಂಪ್ಯೂಟರಿನ ಕೋಪಾದಂಥ ಒಂದು ವರ್ಷದ ಟ್ರೇಡುಗಳಲ್ಲಿ ಹಳಬರು-ಹೊಸಬರು ಒಬ್ಬರ ಮುಖ ಒಬ್ಬರು ನೋಡುವುದೇ ಇಲ್ಲ. ಆದ್ದರಿಂದ ಸಂಸ್ಥೆ ಮಟ್ಟದ ಸ್ಟೋರು, ಖಜಾನೆ ಎರಡೂ ಎರಡು ವರ್ಷದ ಟ್ರೇಡಿನವರ ಕೈಯಲ್ಲಿರಲಿ, ಒಂದು ವರ್ಷದವರು ಜೊತೆ ಹುದ್ದೆಯಲ್ಲಿರಲಿ. ಒಂದು ಫೈಲ್ ಇರಬೇಕು: ಕೊನೆಯ ಆರು ನಡಾವಳಿ, ಮುಚ್ಚಿದ ಕ್ಯಾಶ್ ಬುಕ್, ಸ್ಟಾಕ್ ಪಟ್ಟಿ, ಅಂಗಡಿಗಳ ದರ, ಶಿಬಿರದಲ್ಲಿ ಯಾವ ಸಾಮಾನು ಎಷ್ಟು ಹಿಡಿಯಿತು, ಪಾಸಾಗಿ ಹೋದವರ ಫೋನ್ ನಂಬರ್. ಆ ನಂಬರುಗಳಿಗೆ ಮೂರು, ಆರು, ಹನ್ನೆರಡು ತಿಂಗಳಿಗೆ ಕಾರ್ಯದರ್ಶಿ ಫೋನ್ ಮಾಡಿ, ಎಲ್ಲಿ ಕೆಲಸ, ಅಲ್ಲಿ ಏನು ಗೊತ್ತಿಲ್ಲದೆ ಕಷ್ಟವಾಯಿತು ಎಂದು ಕೇಳಿ ಬರೆಯಬೇಕು. ಮುಂದಿನ ವರ್ಷ ಸಂಘ ಏನು ಮಾಡಬೇಕೆಂಬುದು ಆ ಉತ್ತರಗಳಲ್ಲೇ ಇರುತ್ತದೆ.

ಕೊನೆಯ ಸಭೆಯಲ್ಲಿ ಹಳೆಯ ಸ್ಟೋರ್ ಕೀಪರ್, ಹೊಸಬರು ಇಬ್ಬರೂ ಕಪಾಟಿನ ಮುಂದೆ ನಿಂತು ಒಂದೊಂದೇ ಎಣಿಸಬೇಕು. ಟ್ರೈ ಸ್ಕ್ವೇರ್ 10. ಹ್ಯಾಕ್ಸಾ ಫ್ರೇಮ್ 12, ಒಂದರ ರೆಕ್ಕೆ ನಟ್ಟು ಇಲ್ಲ. ವರ್ನಿಯರ್ 6, ಐದರ ಸೊನ್ನೆ ಸರಿ, ನಾಲ್ಕನೇ ನಂಬರಿನದು 0.04 ತಪ್ಪಿದೆ. ಹಾಗೆಯೇ ಬರೆದು ಇಬ್ಬರೂ ಸಹಿ ಹಾಕಬೇಕು. ಆಮೇಲೆ ಕೀಲಿಕೈ.